ಬಾವುಟದ ಮುಂದೆ ಕೈಯೆತ್ತಿ ನಿಂತವರು

ಕುವೈತಿನಲ್ಲಿ ಶುಕ್ರವಾರ ಬಂದರೆ, ಪರವಾನಗಿ ಸಿಕ್ಕ ಮರಳುಗಾಡಿನಲ್ಲಿ ನಾವು ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್ ಎಂಬ ಬಂದೂಕಿನಾಟ ಆಡುತ್ತಿದ್ದೆವು; ಎದುರಾಳಿಗಳ ಬಾವುಟ ಕಿತ್ತವರೇ ಗೆದ್ದಂತೆ. ಹುಬ್ಬಳ್ಳಿ ಕಡೆಯ ಎಸಿ ಮೆಕ್ಯಾನಿಕ್ ಒಬ್ಬರು ನಮ್ಮ ಕ್ಯಾಪ್ಟನ್. ಬೆರಳೆತ್ತಿ "ಕನ್ನಡಕ ತೆಗೀಬ್ಯಾಡ್ರಪಾ!" ಎನ್ನುವುದೇ ಅವರ ಮಂತ್ರ. ಅವರನ್ನು ಅಣಕಿಸಿದಷ್ಟು ಚೆನ್ನಾಗಿ ಗುರಿಯಿಡಲು ನನಗೆ, ಮಂಗಳೂರಿನ ಈ ವೀರನಿಗೆ, ಬರಲಿಲ್ಲ.

ಕ್ಯಾಪ್ಟನ್ ಒಮ್ಮೆಯೂ ಗೆದ್ದವರಲ್ಲ. ಆ ದಿನ ಎದುರಾಳಿಗಳ ಬಾವುಟ ಇನ್ನೇನು ಅವರ ಕೈಗೆ ಬರಬೇಕು, ದಿಬ್ಬದಾಚೆಯಿಂದ ಆಡಿನ ಹಿಂಡೂ ಅದನ್ನು ಕಾಯುವವನೂ ಬಂದರು.

"ಖಲಾಸ್! ಬಂದೂಕು ಕೆಳಗ!" ಎಂದು ಕೂಗಿ ಕ್ಯಾಪ್ಟನ್ ಕೈಯೆತ್ತಿ ನಿಂತರು.

"ಮೊದ್ಲು ಬಾವುಟ ಹಿಡೀರಿ ಮಾರಾಯ್ರೇ!" ಎಂದೆ ನಾನು.

"ಹೊರಗಿನ ಮಂದಿ ಬಂದ್ರು, ಆಟ ನಿಂತೈತಿ. ಈಗ ಹಿಡದ್ರ ಕಳವು."

ಅಷ್ಟರಲ್ಲಿ ಆಡಿನ ಮರಿಯೊಂದು ಬಾವುಟ ಕಚ್ಚಿಕೊಂಡು ಓಡಿತು. ನಾವು ಹಣೆ ಚಚ್ಚಿಕೊಂಡೆವು. ಅವರು ಮಾತ್ರ ಚಪ್ಪಾಳೆ ತಟ್ಟಿದರು: "ಶಭಾಶ್! ಒಂದ್ ಗುಂಡೂ ಹೊಡೀದ ಗೆದ್ದೈತಿ ನೋಡ್ರಲೇ!"