ಹಚ್ಚೆಯಲ್ಲಿ ಉಳಿದ ತವರಿನ ಹೆಸರು

ಸ್ಲೇಟಿನ ಮೇಲೆ ಒತ್ತಕ್ಷರ ತಿದ್ದುತ್ತಿದ್ದ ಶಾಂತಮ್ಮ ಇದ್ದಕ್ಕಿದ್ದಂತೆ ಬಳಪ ಕೆಳಗಿಟ್ಟು, ತಮ್ಮ ಮುಂಗೈಯ ಹಳೆಯ ಹಚ್ಚೆಯ ಮೇಲೆ ಬೆರಳಾಡಿಸತೊಡಗಿದರು. ಇಟ್ಟಿಗಿ ಹತ್ತಿರದ ಹಳ್ಳಿಯಲ್ಲಿ ಮಹಿಳೆಯರಿಗಾಗಿ ನಾನು ನಡೆಸುವ ಮಧ್ಯಾಹ್ನದ ತರಗತಿ ಅದು. ಕಿಟಕಿಯಿಂದ ಮಲ್ಲಿಗೆ ತೋಟದ ಗಾಳಿ ತೇಲಿ ಬರುತ್ತಿತ್ತು. ಉಳಿದವರು ತೂಕಡಿಸುತ್ತಿದ್ದರು.

"ಹೂ... ವ... ಮ್ಮ" ಎಂದು ಓದಿದ ಶಾಂತಮ್ಮ ಬೆಚ್ಚಿ ನನ್ನನ್ನು ನೋಡಿದರು. ಮದುವೆಗೆ ಮುಂಚೆ ಅವರ ತಾಯಿ ಸಂತೆಯಲ್ಲಿ ಹಾಕಿಸಿದ ಹಚ್ಚೆಯಂತೆ.

"ದೇವ್ರ ಹೆಸರು ಅನ್ಕಂಡಿದ್ನಿರಿ ಅಕ್ಕಾರ, ಯಾರನ್ನೂ ಕೇಳಿದ್ದಿಲ್ಲ. ಇದು ನನ್ನ ತವರುಮನಿ ಹೆಸರೈತಿ! ಗಂಡನ ಮನ್ಯಾಗ ಶಾಂತಮ್ಮ ಅಂತ ಬದಲಿಸಿದ್ರು. ಅವ್ವ ಸತ್ತಮ್ಯಾಗ ಯಾರೂ ಹಂಗ ಕರದಿಲ್ಲ. ನೀವೊಂದ್ಸಲ ಕರೀರಿ."

"ಹೂವಮ್ಮಾ" ಎಂದು ಕರೆದೆ.

"ಓ, ಬಂದೆ ಯವ್ವಾ" ಎಂದರು. ನನ್ನತ್ತ ನೋಡಲಿಲ್ಲ. ಬಾಗಿಲಿನ ಬೆಳಕಿನ ಕಡೆ ತಿರುಗಿ, ಎದ್ದು ಎರಡು ಹೆಜ್ಜೆ ನಡೆದೇ ಬಿಟ್ಟರು.

ಅವರು ಮಾರುವ ಶೇಂಗಾ ಚಟ್ನಿಪುಡಿಯ ಪೊಟ್ಟಣದ ಮೇಲೆ ಈಗ 'ಹೂವಮ್ಮ' ಎಂದಿದೆ. ಪ್ರತಿ ಚೀಟಿಯನ್ನೂ ಅವರೇ ಬರೆಯುತ್ತಾರೆ. ನಾನಂತೂ ಅಂದಿನಿಂದ ಹಾಜರಿ ಕರೆಯುವಾಗ ಯಾರ ಹೆಸರನ್ನೂ ಅವಸರದಲ್ಲಿ ಕೂಗುವುದಿಲ್ಲ.