ಕಟ್ಟು ಚೆಲ್ಲದ ಕಾಕಾ

ತೆಲುಗು ಸೀಮೆಯ ಅಂಚಿನ ಪೆದ್ದೆಮುಲ್ ಕಡೆಯ ನಮ್ಮ ಕನ್ನಡದ ಮನೆಯಲ್ಲಿ ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲುವ ಸೊಸೆಗೆ ಉಳಿಗಾಲವಿಲ್ಲ. ತೊಗರಿ ಬೆಳೆಯುವವರು ನಾವು, ಕಟ್ಟಿನ ಸಾರು ಉಂಡೇ ದೊಡ್ಡವರಾದದ್ದು. ನಮ್ಮ ಕಾಕಾ ಅಂತೂ ಅಕ್ಕಿ ತೊಳೆದ ನೀರನ್ನೂ ಕುರಿಗೆ ಕುಡಿಸುವ ಮನುಷ್ಯ. ಇಂಥವನನ್ನು ಜಹೀರಾಬಾದಿನ ಹೊರಗಿರುವ, ಔಷಧದ ಪುಡಿ ಮಾಡುವ ಕಾರ್ಖಾನೆಯವರು ಎಂಎಲ್ ಟ್ಯಾಂಕಿನ ಮುಂದೆ ನಿಲ್ಲಿಸಿದ್ದರು. ನನ್ನನ್ನು ಅಲ್ಲಿನ ಲ್ಯಾಬಿಗೆ ಸೇರಿಸಿದವನೂ ಅವನೇ.

ಎಂಎಲ್ ಅಂದರೆ ಔಷಧದ ಹರಳನ್ನು ಸೋಸಿ ತೆಗೆದ ಮೇಲೆ ಉಳಿಯುವ ದ್ರವ. ನಮ್ಮ ಕಟ್ಟು ಇದ್ದಂತೆ. ಒಳ್ಳೆಯ ಮಾಲು ಅದರಲ್ಲಿ ಇನ್ನೂ ಉಳಿದಿರುತ್ತದೆ ಎಂದು ಮುಂದಿನ ಬ್ಯಾಚಿಗೆ ಮತ್ತೆ ಹಾಕುತ್ತಾರೆ. ಆದರೆ ಪ್ರತಿ ಬ್ಯಾಚಿನಲ್ಲೂ ಬೇಡದ ಪದಾರ್ಥ ಒಂದಿಷ್ಟು ಹುಟ್ಟಿ ಅದರಲ್ಲೇ ಕರಗಿ ಉಳಿಯುತ್ತದೆ. ಸೋಸಿದರೆ ಸಿಗುವುದಿಲ್ಲ. ಅದಕ್ಕೇ ಪ್ರತಿ ಸಲ ಒಂದು ಪಾಲು ದ್ರವವನ್ನು ಹೊರಗೆ ತೆಗೆದು, ಅಷ್ಟೇ ಹೊಸದನ್ನು ಸೇರಿಸಬೇಕು. ತೆಗೆದದ್ದು ಟ್ಯಾಂಕರಿನಲ್ಲಿ ತಾಂಡೂರಿನ ಕಡೆ ಹೋಗಿ ಸಿಮೆಂಟಿನ ಭಟ್ಟಿಯಲ್ಲಿ ಉರಿಯುತ್ತದೆ.

ಹೋದ ಬೇಸಿಗೆಯಲ್ಲಿ ಬಿಳಿ ಹರಳು ಹಳದಿಯಾಗತೊಡಗಿತು. ಮೊದಲು ಗೋಧಿಹಿಟ್ಟಿನ ಬಣ್ಣ, ಆಮೇಲೆ ಕಡಲೆಹಿಟ್ಟಿನ ಬಣ್ಣ. ಎಂಎಲ್ ಪರೀಕ್ಷೆ ಮಾಡಿದೆ. ಬೇಡದ್ದೆಲ್ಲ ಅದರಲ್ಲಿ ತುಂಬಿಕೊಂಡಿತ್ತು. ಅದನ್ನು ಹೊರಗೆ ಬಿಡುವ ವಾಲ್ವ್ ಕಾಕಾನ ಕೈಯಲ್ಲಿತ್ತು. ರಿಪೋರ್ಟ್ ಕೊಟ್ಟರೆ ಅವನ ಕೆಲಸಕ್ಕೇ ಕುತ್ತು, ಕೊಡದಿದ್ದರೆ ಆ ಪುಡಿ ಯಾರದೋ ಗುಳಿಗೆಯೊಳಗೆ ಸೇರುತ್ತದೆ. ನನಗೆ ಸಿಟ್ಟು ನೆತ್ತಿಗೇರಿತು. ನೇರ ಅವನ ಹತ್ತಿರ ಹೋದೆ.

"ಕಾಕಾ, ಎಂಎಲ್ ಹೊರಗ ತೆಗ್ಯಾಕತ್ತಿಯೋ ಇಲ್ಲೋ?"

"ಸ್ವಲ್ಪ ಸ್ವಲ್ಪ ತೆಗೀತೀನಿ ಯವ್ವಾ. ನೋಡು, ಎಣ್ಣಿಯಂಗ ತಿಳಿ ಅದ. ಇಂಥಾ ಚಲೋ ಮಾಲು ಬೆಂಕಿಗಿ ಹಾಕಾಕ ಕೈ ಬರಂಗಿಲ್ಲ."

"ತಿಳಿ ಇದ್ರ ಏನಾತು? ಅದ್ರಾಗಿನ ಹೊಲಸು ನಿನ್ನ ಕಣ್ಣಿಗಿ ಕಾಣ್ತದೇನು? ಬ್ಯಾಚೆಲ್ಲಾ ಕೆಟ್ಟಾವ!"

ಅವನ ಮುಖ ಬಾಡಿತು. "ಕಂಪನೀದು ಉಳಸಾಕತ್ತೀನಿ ಅನ್ಕೊಂಡಿದ್ದೆ," ಅಂದ.

ಕದ್ದವನನ್ನು ಬೈಯುವುದು ಸುಲಭ. ಉಳಿಸಲು ಹೋದವನನ್ನು ಏನೆಂದು ಬೈಯಲಿ? ನನಗೆ ಅಳು ಬಂತು. ಆದರೂ ರಿಪೋರ್ಟ್ ಕೊಟ್ಟೆ.

ಮ್ಯಾನೇಜರ್ ಕರೆದಾಗ ಕಾಕಾ ತನ್ನ ಹರಕುಮುರುಕು ತೆಲುಗಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪುಣ್ಯಕ್ಕೆ ಮನೆಗೆ ಕಳಿಸಲಿಲ್ಲ. ಗೇಟಿಗೆ ಹಾಕಿದರು. ಕಾರ್ಖಾನೆ ಶುರುವಾದಾಗಿನಿಂದ ಪ್ಲಾಂಟಿನೊಳಗೇ ಇದ್ದವನು, ಹೆಲ್ಮೆಟ್ ಮರಳಿ ಕೊಡುವಾಗ ಟವೆಲ್ಲಿನಿಂದ ಒರೆಸಿ ಕೊಟ್ಟ. ಪ್ಲಾಂಟಿಗೆ ಬಂದ ಹೊಸಬ ಹೇಳಿದಷ್ಟನ್ನು ಹೊರಗೆ ತೆಗೆದ. ಕೆಲವು ಬ್ಯಾಚ್ ಆದ ಮೇಲೆ ಹರಳು ಮತ್ತೆ ಬೆಳ್ಳಗಾಯಿತು. ಕಾಕಿ ನನ್ನ ಜೊತೆ ಮಾತು ಬಿಟ್ಟಳು. ಕಾಕಾ ಬಿಡಲಿಲ್ಲ.

ಈಗ ತಾಂಡೂರಿನ ಟ್ಯಾಂಕರ್ ಹೊರಡುವಾಗ ಗೇಟು ತೆಗೆಯುವವನು ಅವನೇ. ಮೊನ್ನೆ ಅದು ಹೊರಟಾಗ ನಾನೂ ಅಲ್ಲೇ ನಿಂತಿದ್ದೆ.

"ಅದ್ರಾಗ ಚಲೋದು ಎಷ್ಟಿತ್ತು ಯವ್ವಾ?" ಅಂತ ಕೇಳಿದ.

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

"ಚಲೋದೇ ಬಹಳ ಇತ್ತು ಕಾಕಾ. ಕೆಟ್ಟದ್ದು ಚೂರೇ ಚೂರು."

ಅವನು ತಲೆಯಾಡಿಸಿದ. ಟ್ಯಾಂಕರ್ ರಸ್ತೆಯ ತಿರುವು ದಾಟುವವರೆಗೂ ನೋಡುತ್ತ ನಿಂತು, ಆಮೇಲೆ ಗೇಟು ಹಾಕಿದ.