ಅಣ್ಣನಿಗೆ ಮೆಚ್ಚುಗೆಯಾದ ಫ್ರೆಂಚ್ ಬೇಕರಿ

ನಮ್ಮಣ್ಣನದು ದೊಡ್ಡಬಳ್ಳಾಪುರದಲ್ಲಿ ಒಂದು ಸಣ್ಣ ಬೇಕರಿ. ಸೌದೆ ಒಲೆಯ ಮುಂದೆ ನಿಂತು ನಿಂತು ಅವನ ಬಲಗೈ ಮೇಲೆ ಕೂದಲೇ ಉಳಿದಿಲ್ಲ. ಬೇರೆಯವರು ಮಾಡಿದ್ದನ್ನು ಅವನು ಹೊಗಳಿದ್ದು ನಾನಂತೂ ಕೇಳಿರಲಿಲ್ಲ. ಮದುವೆ ಮನೆಯಲ್ಲಿ ಕೇಕ್ ಕೊಟ್ಟರೆ ಒಂದು ಚೂರು ಬೆರಳಲ್ಲಿ ಹಿಸುಕಿ, "ಸೋಡಾ ಜಾಸ್ತಿ" ಎಂದು ತಟ್ಟೆ ಪಕ್ಕಕ್ಕಿಡುವವನು.

ನಾನು ಪಾಠ ಮಾಡುವ ಶಾಲೆ ದೇವನಹಳ್ಳಿ ಕಡೆಗಿದೆ. ದಾರಿಯಲ್ಲಿ ಹೊಸದಾಗಿ ಫ್ರೆಂಚ್ ಬೇಕರಿ ಬಂದಿದ್ದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಒಬ್ಬಳೇ ಹೋಗಲು ಸಂಕೋಚ. ಬೇಸಿಗೆ ರಜೆಯಲ್ಲಿ ಒಂದು ಮಂಗಳವಾರ, ಅಣ್ಣನ ಅಂಗಡಿಗೂ ವಾರದ ರಜೆ, ಅವನನ್ನು ಕರೆದೆ.

"ಬ್ರೆಡ್ ಸುಡೋನು ಬ್ರೆಡ್ ತಿನ್ನೋಕೆ ಅಲ್ಲಿಗಂಟ ಹೋಗ್ತಾನೇನಮ್ಮ?"

"ನಾನು ಕೊಡಿಸ್ತೀನಿ, ಬಾರಣ್ಣ."

ಗೊಣಗುತ್ತಲೇ ನನ್ನ ಸ್ಕೂಟರಿನ ಹಿಂದೆ ಕೂತ.

ಒಳಗೆ ಹೋದೆವು. ಗಾಜಿನ ಪೆಟ್ಟಿಗೆಯ ಮುಂದೆ ಕೈ ಹಿಂದೆ ಕಟ್ಟಿ, ಬಗ್ಗಿ, ಒಂದೊಂದನ್ನೇ ನೋಡುತ್ತಾ ಹೋದ. ಪಾರದರ್ಶಕವಾಗಿ ಹೊಳೆಯುವ ಹಣ್ಣಿನ ಚೂರುಗಳು, ಕಾಫಿ ಬಣ್ಣದ ನುಣುಪು ಹೊದಿಕೆ, ಒಂದೇ ಅಳತೆಯ ಪದರಗಳು. ಯಾವುದರಲ್ಲೂ ಒಂದು ಅಂಚೂ ಸೊಟ್ಟಗಿರಲಿಲ್ಲ. ಅರ್ಧಚಂದ್ರದಂತಿದ್ದ ಒಂದು ಕ್ರೋಸಾಂಟ್, ಒಂದು ನಿಂಬೆಹಣ್ಣಿನ ಟಾರ್ಟ್, ಒಂದು ಚಾಕೊಲೇಟ್ ಕೇಕ್ ಹೇಳಿದೆ.

ಅಣ್ಣ ಕ್ರೋಸಾಂಟನ್ನು ತಿನ್ನಲಿಲ್ಲ, ಮೊದಲು ಬಿಡಿಸಿದ. ಹೊರಗಿನ ಹೊಟ್ಟು ಪರಪರನೆ ಅಂಗಿಯ ಮೇಲೆಲ್ಲ ಉದುರಿತು. ಒಳಗೆ ಜೇನುಗೂಡಿನಂತೆ ಪೊಳ್ಳು. ಮೂಸಿ ನೋಡಿ, ಬಾಯಿಗಿಟ್ಟು, ಬಹಳ ಹೊತ್ತು ಅಗಿದ.

"ಬರೀ ಬೆಣ್ಣೆ ಕಣಮ್ಮ. ನಾವು ಪಫ್‌ಗೆ ಹಾಕೋ ಮಾರ್ಜರಿನ್ ಅಂಗುಳಕ್ಕೆ ಅಂಟ್ಕೊಂಡ್ಬಿಡುತ್ತೆ. ಇದು ನೋಡು, ಇತ್ತು ಅನ್ನೋದೇ ಗೊತ್ತಾಗ್ಲಿಲ್ಲ."

ನನಗೆ ಟಾರ್ಟ್ ಹಿಡಿಸಿತು. ಹುಳಿ ಮೊದಲು ಬಂದು ಕಣ್ಣು ಮುಚ್ಚಿಸಿತು, ಸಿಹಿ ನಿಧಾನಕ್ಕೆ ಹಿಂದೆ ಬಂತು. ಚಾಕೊಲೇಟ್ ಕೇಕ್ ಮಾತ್ರ ಅಣ್ಣನಿಗೆ ಕಹಿಯೆನಿಸಿ ನನ್ನ ಕಡೆಗೆ ತಳ್ಳಿದ. ನಾನು ತಟ್ಟೆ ಕೆರೆದು ಮುಗಿಸಿದೆ.

ಅಷ್ಟರಲ್ಲಿ ಅಣ್ಣ ಎದ್ದು ಕೌಂಟರಿಗೆ ಹೋಗಿ, "ಇದನ್ನ ಮಾಡೋರನ್ನ ಒಂದ್ಸಲ ನೋಡ್ಬಹುದಾ?" ಎಂದು ಕೇಳೇಬಿಟ್ಟ. ನನಗೆ ಮುಜುಗರ. ಯಾರೋ ವಿದೇಶಿ ಬರುತ್ತಾರೆಂದು ಮನಸ್ಸಿನಲ್ಲೇ ಇಂಗ್ಲಿಷ್ ಜೋಡಿಸಿಕೊಳ್ಳುತ್ತಿದ್ದೆ. ಬಂದವಳು ಮೂವತ್ತರ ಆಸುಪಾಸಿನ ಹೆಂಗಸು, ತಲೆಗೆ ಬಿಳಿ ಟೋಪಿ, ಮೊಣಕೈವರೆಗೆ ಹಿಟ್ಟು.

"ಏನಾದ್ರೂ ಸರಿ ಇಲ್ವಾ ಸಾರ್?"

"ಎಲ್ಲಾ ಸರಿಯಾಗೈತಮ್ಮ. ಈ ಸೆಕೇಲಿ ಬೆಣ್ಣೆ ಕರಗ್ದಂಗೆ ಹೆಂಗೆ ನಿಲ್ಲಿಸ್ದೆ?"

ಅವಳ ಮುಖ ಸಡಿಲವಾಯಿತು. ಅನುಗೊಂಡನಹಳ್ಳಿ ಹತ್ತಿರದ ಊರಿನವಳಂತೆ, ಬೇಸಾಯದ ಮನೆ. ಹಿಟ್ಟಿನೊಳಗೆ ಬೆಣ್ಣೆ ಇಟ್ಟು ಲಟ್ಟಿಸಿ, ಮಡಿಸಿ, ತಣ್ಣನೆಯ ಕೋಣೆಯಲ್ಲಿಟ್ಟು, ಮತ್ತೆ ತೆಗೆದು ಲಟ್ಟಿಸುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು.

"ಮೊದಮೊದಲು ಬೆಣ್ಣೆ ಹೊರಗೇ ಬಂದ್ಬಿಡ್ತಿತ್ತು ಸಾರ್. ಊರಿಗೆ ಹೋಗ್ಬಿಡೋಣ ಅನ್ಸೋದು. ಕಲಿಸ್ದೋರು ಬೈತಿರ್ಲಿಲ್ಲ. ಇನ್ನೊಂದ್ಸಲ ಮಾಡು ಅನ್ನೋರು, ಅಷ್ಟೇ."

"ನಂದೂ ದೊಡ್ಡಬಳ್ಳಾಪುರದಲ್ಲಿ ಬೇಕರಿ, ಸೌದೆ ಒಲೆ. ಮೊದಲನೇ ದಿನ ಸುಟ್ಟಿದ್ದು ಪೂರಾ ಇದ್ದಿಲಾಗಿತ್ತಮ್ಮ," ಎಂದ ಅಣ್ಣ. "ಅಪ್ಪಂಗೆ ಕಾಣ್ದಂಗೆ ಹಿತ್ತಲಲ್ಲಿ ಹೂತಾಕ್ದೆ."

ಈ ಕಥೆ ಇಷ್ಟು ವರ್ಷದಲ್ಲಿ ನನಗೂ ಗೊತ್ತಿರಲಿಲ್ಲ. ಅವಳು ನಕ್ಕು, ಸೌದೆ ಒಲೆಯ ಕಾವು ಹೇಗೆ ತಿಳಿಯುತ್ತೀರಿ ಎಂದು ಕೇಳಿದಳು.

"ಒಳಗೆ ಒಂದಿಷ್ಟು ಮೈದಾ ಎರಚ್ತೀನಿ. ನಿಧಾನಕ್ಕೆ ಕೆಂಪಗಾದ್ರೆ ಬನ್ನು ಬಿಡ್ಬಹುದು. ಹಾಕಿದ ತಕ್ಷಣ ಕಪ್ಪಾದ್ರೆ ಕಾಯ್ಬೇಕು."

"ಒಂದಿನ ನೋಡೋಕೆ ಬರ್ಲಾ ಸಾರ್?"

"ಬಾರಮ್ಮ, ಅದಕ್ಕೇನು."

ಬಾಯಿಮಾತಿಗೆ ಕೇಳಿದ್ದಾಳೆ ಎಂದುಕೊಂಡಿದ್ದೆ. ಎರಡು ವಾರದ ಮೇಲೆ ತನ್ನ ರಜೆಯ ದಿನ ಅಣ್ಣನ ಬೇಕರಿಗೆ ನಿಜವಾಗಿಯೂ ಬಂದಳು. ಚೂಡಿದಾರದ ತೋಳು ಮೇಲೇರಿಸಿ ತಾನೇ ಮೈದಾ ಎರಚಿದಳು, ಅಣ್ಣನ ಜೊತೆ ಬಗ್ಗಿ ಒಲೆಯೊಳಗೆ ಇಣುಕಿದಳು, ಬಿಸಿ ಖಾರ ಬನ್ನು ನಿಂತಲ್ಲೇ ತಿಂದು ಇನ್ನೊಂದು ಕೇಳಿದಳು. ಹೋಗುವ ಮೊದಲು ಅಣ್ಣ ಹಿಟ್ಟು ನಾದುವ ಕಲ್ಲಿನ ಮೇಲೆ ಹಿಟ್ಟು ಲಟ್ಟಿಸಿ ಮಡಿಸುವುದನ್ನು ಹೇಳಿಕೊಟ್ಟಳು. ಅರವತ್ತರ ಅಣ್ಣ ಪಕ್ಕದಲ್ಲಿ ನಿಂತು, ಅವಳು ಹೇಳಿದ ಹಾಗೆ ಅಂಚಿಗೆ ಅಂಚು ಕೂಡಿಸುತ್ತಿದ್ದ.

"ಅವಳ ಕೈ ನಂಗೆ ಬರಲ್ಲಮ್ಮ," ಎಂದ ಆಮೇಲೆ. ಬೇಸರವೇನೂ ಇರಲಿಲ್ಲ ಆ ಮಾತಿನಲ್ಲಿ.

ಆದರೂ ಈಗ ಭಾನುವಾರ ಒಂದು ಟ್ರೇ ಬೆಣ್ಣೆ ಪಫ್ ಮಾಡುತ್ತಾನೆ. ತಣ್ಣನೆಯ ಕೋಣೆ ಎಲ್ಲಿಂದ ಬರಬೇಕು? ಹಿಂದಿನ ದಿನವೇ ಮನೆಯ ಫ್ರಿಜ್ಜಿನಲ್ಲಿದ್ದ ಮೊಸರು, ಸೊಪ್ಪು, ದೋಸೆ ಹಿಟ್ಟನ್ನೆಲ್ಲ ಹೊರಗಿಟ್ಟು ತನ್ನ ಹಿಟ್ಟು ಮಲಗಿಸುತ್ತಾನೆ. ಅತ್ತಿಗೆ ಬೈಯುತ್ತಾರೆ, ಮೊದಲ ಪಫ್ ಮಾತ್ರ ಅವರೇ ತಿನ್ನುತ್ತಾರೆ.